ಯಾವುದರ ವಯಸ್ಸು? ಐಸೊಟೋಪ್‌ಗಳು ಹೇಳುವ ಕಲ್ಲು, ಮಳೆ ಮತ್ತು ಬೂದಿಯ ಕಥೆ

(ಕಾಲೇಜು ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವಾಟ್ಸಾಪ್‌ನಲ್ಲಿ ಒಂದು ಬಗೆಯ ಸಂದೇಶ ಆಗಾಗ ಸುತ್ತುತ್ತಿರುತ್ತದೆ. ಯಾವುದೋ ಕಲ್ಲಿನ ವಿಗ್ರಹದ ಫೋಟೊ. ಕೆಳಗೆ, 'ಕಾರ್ಬನ್ ಡೇಟಿಂಗ್ ಮಾಡಿದ್ದಾರೆ, ಸಾವಿರಾರು ವರ್ಷ ಹಳೆಯದಂತೆ' ಅಂತ ಒಂದು ಸಾಲು. ನಿಮಗೂ ಬಂದಿರುತ್ತದೆ, ಅಲ್ವಾ? ಇದರಲ್ಲಿ ಎರಡು ತಪ್ಪುಗಳಿವೆ. ಕಾರ್ಬನ್ ಡೇಟಿಂಗ್ ಕೆಲಸ ಮಾಡುವುದು ಒಂದು ಕಾಲದಲ್ಲಿ ಜೀವ ಇದ್ದ ವಸ್ತುಗಳ ಮೇಲೆ: ಮರ, ಬೀಜ, ಮೂಳೆ, ಇದ್ದಿಲು, ಬಟ್ಟೆ. ವಿಗ್ರಹದ ಕಲ್ಲಿಗೆ ಅದು ಹೊಂದುವುದಿಲ್ಲ. ಇದು ಮೊದಲನೆಯದು, ಅಷ್ಟೇನೂ ದೊಡ್ಡದಲ್ಲ. ಎರಡನೆಯದು ಮುಖ್ಯ. ಬೇರೆ ಯಾವುದೋ ವಿಧಾನದಲ್ಲಿ ಆ ಕಲ್ಲಿನ ವಯಸ್ಸನ್ನು ಸರಿಯಾಗಿಯೇ ಅಳೆದೆವು ಅಂತಿಟ್ಟುಕೊಳ್ಳಿ. ಆಗಲೂ ಅದು ವಿಗ್ರಹದ ವಯಸ್ಸಾಗುವುದಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯ 1117ರದು. ಅದಕ್ಕೆ ಬಳಸಿದ ಬಳಪದ ಕಲ್ಲು ಹುಟ್ಟಿದ್ದು ಕೋಟ್ಯಂತರ ವರ್ಷಗಳ ಹಿಂದೆ. ಶಿಲ್ಪಿ ಉಳಿ ಇಟ್ಟು ಹೊಡೆದಾಗ ಕಲ್ಲಿನೊಳಗಿನ ಯಾವ ಪರಮಾಣುವಿಗೂ ಅದರ ಸುದ್ದಿ ಮುಟ್ಟಲಿಲ್ಲ. ಬೇಲೂರಿನ ಕಾಲ ನಮಗೆ ಗೊತ್ತಿರುವುದು ಶಾಸನದಿಂದ, ಪರಮಾಣುಗಳಿಂದ ಅಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ. ಕಲ್ಲಿಗೆ ವಯಸ್ಸು ಅಂತ ಒಂದು ಸಂಖ್ಯೆ ಇರುವುದಿಲ್ಲ. ಕಲ್ಲಿನ ಮೇಲೆ ನಡೆದ ಘಟನೆಗಳಿಗೆ ವಯಸ್ಸು ಇರುತ್ತದೆ. ಕರಗಿದ್ದು ಯಾವಾಗ, ಹರಳುಗಟ್ಟಿದ್ದು ಯಾವಾಗ, ಮತ್ತೆ ಕಾದದ್ದು ಯಾವಾಗ, ತಣಿದದ್ದು ಯಾವಾಗ. ಒಂದೊಂದು ಐಸೊಟೋಪ್ ಒಂದೊಂದು ಘಟನೆಯ ಲೆಕ್ಕ ಇಟ್ಟಿರುತ್ತದೆ. ಯಾರಾದರೂ ನಿಮಗೆ ಒಂದು ಸಂಖ್ಯೆ ಕೊಟ್ಟರೆ 'ಇದು ಯಾವುದರ ವಯಸ್ಸು?' ಅಂತ ಕೇಳಿ.

ಮೊದಲು ಒಂದಿಷ್ಟು ಅಡಿಪಾಯ, ಬೇಗ ಮುಗಿಸುತ್ತೇನೆ. ಒಂದೇ ಮೂಲವಸ್ತುವಿನ ಪರಮಾಣುಗಳಲ್ಲೂ ತೂಕದ ವ್ಯತ್ಯಾಸ ಇರುತ್ತದೆ, ಏಕೆಂದರೆ ನ್ಯೂಟ್ರಾನ್‌ಗಳ ಸಂಖ್ಯೆ ಬೇರೆ ಬೇರೆ. ಇವೇ ಐಸೊಟೋಪ್‌ಗಳು. ಇವುಗಳಲ್ಲಿ ಕೆಲವು ಅಸ್ಥಿರ. ತಮ್ಮ ಪಾಡಿಗೆ ಒಡೆದು ಬೇರೆ ಮೂಲವಸ್ತುವಾಗುತ್ತವೆ. ಎಷ್ಟೇ ಇದ್ದರೂ ಅರ್ಧದಷ್ಟು ಒಡೆಯಲು ಹಿಡಿಯುವ ಕಾಲ ಒಂದೇ. ಅದನ್ನು ಅರ್ಧಾಯು ಅನ್ನುತ್ತೇವೆ. ಯುರೇನಿಯಂ-238ಕ್ಕೆ ಸುಮಾರು 447 ಕೋಟಿ ವರ್ಷ. ಯುರೇನಿಯಂ-235ಕ್ಕೆ ಸುಮಾರು 70 ಕೋಟಿ. ಪೊಟ್ಯಾಸಿಯಂ-40ಕ್ಕೆ 125 ಕೋಟಿ. ಕಾರ್ಬನ್ ಡೇಟಿಂಗ್‌ಗೆ ಬಳಸುವ ಇಂಗಾಲ-14ಕ್ಕೆ ಬರೀ 5,730 ವರ್ಷ. ಇವು ನಮ್ಮ ಗಡಿಯಾರಗಳು. ಇನ್ನು ಕೆಲವು ಐಸೊಟೋಪ್‌ಗಳು ಸ್ಥಿರ, ಒಡೆಯುವುದೇ ಇಲ್ಲ. ಇಂಗಾಲ-13, ಆಮ್ಲಜನಕ-18 ಇಂಥವು. ಕಾಲ ಹೇಳುವುದು ಇವುಗಳ ಕೆಲಸವಲ್ಲ. ಆ ಕಾಲದಲ್ಲಿ ಮಳೆ ಹೇಗಿತ್ತು, ನೆಲದ ಮೇಲೆ ಏನು ಬೆಳೆದಿತ್ತು ಅಂತ ಹೇಳುತ್ತವೆ.

ಈಗ ಕಲ್ಲಿಗೆ ಬರೋಣ. ಈ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ವಸ್ತು ಜಿರ್ಕಾನ್. ಗ್ರಾನೈಟ್‌ನಂಥ ಕಲ್ಲಿನೊಳಗೆ ಸಿಗುವ ಪುಟ್ಟ ಹರಳು ಇದು. ಹೆಚ್ಚಿನವು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿರುತ್ತವೆ. ಕರಗಿದ ಶಿಲೆಯಲ್ಲಿ ಈ ಹರಳು ಬೆಳೆಯುವಾಗ ಯುರೇನಿಯಂ ಅನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಮಾತ್ರ ಹತ್ತಿರ ಸೇರಿಸುವುದಿಲ್ಲ. ಹಾಗಾಗಿ ಇವತ್ತು ಅದರೊಳಗೆ ಸೀಸ ಸಿಕ್ಕರೆ ಅದು ಹೆಚ್ಚುಕಮ್ಮಿ ಎಲ್ಲಾ ಯುರೇನಿಯಂ ಒಡೆದು ಆದದ್ದೇ. ಇನ್ನೂ ಒಂದು ಅನುಕೂಲ ಇದೆ. ಯುರೇನಿಯಂ-238 ಒಡೆದರೆ ಕೊನೆಗೆ ಸೀಸ-206 ಆಗುತ್ತದೆ, 235 ಒಡೆದರೆ ಸೀಸ-207. ಒಂದೇ ಹರಳಿನೊಳಗೆ ಬೇರೆ ಬೇರೆ ವೇಗದ ಎರಡು ಗಡಿಯಾರ ಇದ್ದ ಹಾಗಾಯಿತು. ಎರಡೂ ಒಂದೇ ಉತ್ತರ ಕೊಟ್ಟರೆ ನಂಬಬಹುದು. ಕೊಡದಿದ್ದರೆ ನಡುವೆ ಎಂದೋ ಸೀಸ ಸೋರಿದೆ ಅಂತ ಗೊತ್ತಾಗುತ್ತದೆ. ತಪ್ಪಿದಾಗ ತಪ್ಪಿದೆ ಅಂತ ತಾನೇ ಹೇಳುವ ಇಂಥ ಗಡಿಯಾರ ಬೇರೆಲ್ಲೂ ಇಷ್ಟು ಸುಲಭವಾಗಿ ಸಿಗುವುದಿಲ್ಲ.

ಸೀಸದ ಮಾತು ಬಂತು, ಒಂದು ಪಕ್ಕದ ಕಥೆ. ಭೂಮಿಯ ವಯಸ್ಸು 455 ಕೋಟಿ ವರ್ಷ ಅಂತ 1956ರಲ್ಲಿ ಪ್ರಕಟಿಸಿದವರು ಅಮೆರಿಕದ ಕ್ಲೇರ್ ಪ್ಯಾಟರ್ಸನ್. ಅವರು ಅಳೆದದ್ದು ಉಲ್ಕಾಶಿಲೆಗಳಲ್ಲಿನ ಸೀಸವನ್ನು. ಅವುಗಳಲ್ಲಿ ಮುಖ್ಯವಾದದ್ದು ಅರಿಜೋನಾದಲ್ಲಿ ಬಿದ್ದ ಕಬ್ಬಿಣದ ಉಲ್ಕೆಯ ಚೂರು. ಆ ಕೆಲಸದಲ್ಲಿ ಅವರಿಗೆ ತಲೆನೋವಾದದ್ದು ಉಲ್ಕೆಯಲ್ಲ, ಪ್ರಯೋಗಾಲಯ. ಮೇಜು, ಗಾಳಿ, ನೀರು, ಬಟ್ಟೆ, ಎಲ್ಲಿ ನೋಡಿದರೂ ಸೀಸ. ಹೊರಗಿನ ಸೀಸ ಸೇರದ ಹಾಗೆ ಕೋಣೆಯನ್ನು ಶುದ್ಧ ಮಾಡುವುದರಲ್ಲೇ ವರ್ಷಗಳು ಹೋದವು. ಇಷ್ಟೊಂದು ಸೀಸ ಬರುತ್ತಿರುವುದು ಎಲ್ಲಿಂದ ಅಂತ ಹುಡುಕಿಕೊಂಡು ಹೋದವರು ಪೆಟ್ರೋಲ್‌ಗೆ ಬೆರೆಸುತ್ತಿದ್ದ ಸೀಸದ ವಿರುದ್ಧ ಬಹಳ ವರ್ಷ ಹೋರಾಡಿದರು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತದ್ದು 2000ದಲ್ಲಿ. ಇದನ್ನು ಸುಮ್ನೆ ಹೇಳಿದೆ, ಆದರೆ ಇದರಲ್ಲೂ ನಮ್ಮ ಪ್ರಶ್ನೆಯೇ ಇದೆ. ಕೈಯಲ್ಲಿರುವ ಸೀಸ ಉಲ್ಕೆಯದೋ, ರಸ್ತೆಯದೋ?

ಈಗ ನಮ್ಮ ನೆಲ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ಮೇಲೆ ನೀವೆಲ್ಲ ಹತ್ತಿರುತ್ತೀರಿ. ಸುಮಾರು 300 ಕೋಟಿ ವರ್ಷ ಹಳೆಯದು ಅಂತ ಅಲ್ಲಿ ಫಲಕವೂ ಇದೆ. ಭೂವಿಜ್ಞಾನಿಗಳು ಇದನ್ನು ಪೆನಿನ್ಸುಲರ್ ನೈಸ್ ಅನ್ನುತ್ತಾರೆ. ನೈಸ್ ಅಂದರೆ ಕಾವು, ಒತ್ತಡಕ್ಕೆ ಸಿಕ್ಕಿ ಪಟ್ಟೆ ಪಟ್ಟೆಯಾದ ಕಲ್ಲು. ಹತ್ತಿರ ಹೋಗಿ ನೋಡಿದರೆ ಕಪ್ಪು ಬಿಳಿ ಪಟ್ಟೆಗಳು ಕಾಣುತ್ತವೆ. ಒಂದೇ ಸಲ ಕರಗಿ, ಒಂದೇ ಸಲ ತಣಿದ ಕಲ್ಲು ಇದಲ್ಲ. ಹಲವು ಸಲ ಕಾದಿದೆ, ಹಿಂಡಿಸಿಕೊಂಡಿದೆ, ನಡುವೆ ಹೊಸ ಶಿಲಾರಸ ನುಗ್ಗಿದೆ. ಇಂಥ ಕಲ್ಲಿಗೆ 'ವಯಸ್ಸೆಷ್ಟು' ಅಂದರೆ ಉತ್ತರ ಹೇಳುವವರು 'ಯಾವ ಪಟ್ಟೆ?' ಅಂತ ತಿರುಗಿ ಕೇಳಬೇಕಾಗುತ್ತದೆ.

ಅಲ್ಲಿಂದ ಮೈಸೂರು ರಸ್ತೆ ಹಿಡಿದರೆ ರಾಮನಗರದ ಬೆಟ್ಟಗಳು. ಆ ಊರಿಗೆ ಹಿಂದೆ ಕ್ಲೋಸ್‌ಪೇಟೆ ಅಂತ ಹೆಸರಿತ್ತು, ಅದರಿಂದಲೇ ಇದು ಕ್ಲೋಸ್‌ಪೇಟ್ ಗ್ರಾನೈಟ್. 1991ರಲ್ಲಿ ಪ್ರಕಟವಾದ ಜಿರ್ಕಾನ್ ಅಳತೆ ಇದಕ್ಕೆ 251.3 ಕೋಟಿ ವರ್ಷ ಕೊಟ್ಟಿತು, 50 ಲಕ್ಷ ವರ್ಷ ಆಚೀಚೆ. ಆ ಅಳತೆ ಮಾಡಿದ್ದು ಶ್ರಿಂಪ್ ಅನ್ನುವ ಬಗೆಯ ಯಂತ್ರದಲ್ಲಿ. ಹರಳಿನ ಮೇಲೆ ತಲೆಗೂದಲಿಗಿಂತ ಸಣ್ಣ ಜಾಗಕ್ಕೆ ಅಯಾನುಗಳ ಕಿರಣ ಬಿಟ್ಟು ಅಷ್ಟೇ ಜಾಗವನ್ನು ಅಳೆಯುತ್ತದೆ. ಇದು ಯಾಕೆ ಬೇಕು ಅಂದರೆ ಒಂದೇ ಜಿರ್ಕಾನಿನ ನಡುಭಾಗ ಹಳೆಯದಾಗಿ, ಅಂಚು ಹೊಸದಾಗಿ ಇರಬಹುದು. ಹಳೆಯ ಕಲ್ಲು ಕರಗಿದಾಗಲೂ ಜಿರ್ಕಾನ್ ಉಳಿದುಕೊಂಡು, ಹೊಸ ಶಿಲಾರಸದಲ್ಲಿ ಅದರ ಮೇಲೆ ಹೊಸ ಪದರ ಬೆಳೆದಿರುತ್ತದೆ. ಇಡೀ ಹರಳನ್ನು ಕರಗಿಸಿ ಅಳೆದರೆ ಎರಡೂ ಬೆರೆತು, ಎಂದೂ ನಡೆಯದ ಒಂದು ಘಟನೆಯ ವಯಸ್ಸು ಬಂದುಬಿಡುತ್ತದೆ. ಸಂಖ್ಯೆ ನೋಡಲು ಚೆನ್ನಾಗಿಯೇ ಇರುತ್ತದೆ, ಅದೇ ಅಪಾಯ.

ಹಾಸನದ ಗೊರೂರಿನ ನೈಸ್ ಇನ್ನೂ ಹಳೆಯದು. 1980ರಲ್ಲಿ, ರುಬಿಡಿಯಂ ಒಡೆದು ಸ್ಟ್ರಾನ್ಷಿಯಂ ಆಗುವುದನ್ನು ಅಳೆಯುವ ವಿಧಾನದಲ್ಲಿ, ಅದಕ್ಕೆ ಸುಮಾರು 336 ಕೋಟಿ ವರ್ಷ ಅಂತ ಪ್ರಕಟವಾಯಿತು. ಆಚೀಚೆ 6.6 ಕೋಟಿ. ಆ ಆಚೀಚೆಯನ್ನೇ ಸ್ವಲ್ಪ ನೋಡಿ. ಡೈನೊಸಾರ್‌ಗಳು ಅಳಿದು ಇವತ್ತಿಗೆ ಕಳೆದಿರುವ ಕಾಲವೂ ಅಷ್ಟೇ! ಅಷ್ಟು ದೊಡ್ಡ ಅವಧಿ ಇಲ್ಲಿ ಬರೀ ಅಳತೆಯ ಅನುಮಾನ. ಪಶ್ಚಿಮ ಕರ್ನಾಟಕದಲ್ಲಿ ಭೂವಿಜ್ಞಾನಿಗಳು ಸರಗೂರು ಗುಂಪು ಅಂತ ಕರೆಯುವ ಹಳೆಯ ಶಿಲೆಗಳಲ್ಲಿ 358 ಕೋಟಿ ವರ್ಷದ ಜಿರ್ಕಾನ್‌ಗಳೂ ಸಿಕ್ಕಿವೆ. ಆದರೆ ಅವು ಸಿಕ್ಕಿದ ಶಿಲೆ ಅಷ್ಟು ಹಳೆಯದಲ್ಲ. ಅದಕ್ಕಿಂತ ಹಳೆಯ ಯಾವುದೋ ನೆಲ ಸವೆದು, ಅದರ ಮರಳಿನ ಜೊತೆ ಆ ಹರಳುಗಳು ಹರಿದುಬಂದು ಸೇರಿಕೊಂಡವು. ಆ ಮೂಲ ನೆಲ ಇವತ್ತು ಎಲ್ಲೂ ಬಂಡೆಯಾಗಿ ಕಣ್ಣಿಗೆ ಬಿದ್ದಿಲ್ಲ. ಅದು ಇತ್ತು ಅನ್ನುವುದಕ್ಕೆ ಸಾಕ್ಷಿ ಈ ಮರಳಿನ ಕಾಳುಗಳು.

ಇನ್ನು ಮಲ್ಪೆ ಕಡಲಾಚೆಯ ಸೇಂಟ್ ಮೇರಿಸ್ ದ್ವೀಪಗಳು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಗಡಿಯಾರಗಳು ಜಗಳವಾಡಿದರೆ ಏನು ಮಾಡಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿಲ್ಲ.

ಅಲ್ಲಿಗೆ ದೋಣಿಯಲ್ಲಿ ಹೋದವರಿಗೆ ಗೊತ್ತು, ಕಡಲ ಅಂಚಿನಲ್ಲಿ ಆರು ಮೂಲೆ, ಐದು ಮೂಲೆಯ ಕಲ್ಲುಕಂಬಗಳು ಸಾಲಾಗಿ ನಿಂತಿವೆ. ಲಾವಾ ತಣಿದು ಕುಗ್ಗುವಾಗ ಬಿರುಕು ಬಿಟ್ಟು ಹಾಗಾದದ್ದು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕಪ್ಪು ಕಲ್ಲು ಕೂಡ ಲಾವಾದ್ದೇ, ಡೆಕ್ಕನ್ ಟ್ರ್ಯಾಪ್. ಹಾಗಾಗಿ ಇದೂ ಅದೇ ಕುಟುಂಬ ಅಂದುಕೊಳ್ಳುವುದು ಸಹಜ. ಆದರೆ ಡೆಕ್ಕನ್ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ದ್ವೀಪದ ಕಲ್ಲಿಗೆ 2000ದಲ್ಲಿ ಪ್ರಕಟವಾದ ಯುರೇನಿಯಂ-ಸೀಸದ ಅಳತೆ 9.12 ಕೋಟಿ ವರ್ಷ ಅಂದಿತು. ಮರುವರ್ಷ ಇನ್ನೊಂದು ತಂಡದ ಆರ್ಗಾನ್ ಅಳತೆ 8.56 ಕೋಟಿ ಅಂದಿತು. ಎರಡೂ ತಂಡಗಳು ಕೊಟ್ಟ ಆಚೀಚೆ ಸಣ್ಣದು, 56 ಲಕ್ಷ ವರ್ಷದ ಅಂತರ ಅದರಲ್ಲಿ ಮುಚ್ಚಿಹೋಗುವುದಿಲ್ಲ.

ಆರ್ಗಾನ್ ಗಡಿಯಾರ ಹೇಗೆ ನಡೆಯುತ್ತದೆ ಅಂತ ಹೇಳಿದರೆ ಜಗಳ ಅರ್ಥವಾಗುತ್ತದೆ. ಕಲ್ಲಿನಲ್ಲಿರುವ ಪೊಟ್ಯಾಸಿಯಂ-40ರ ಒಂದು ಪಾಲು ಒಡೆದು ಆರ್ಗಾನ್-40 ಆಗುತ್ತದೆ. ಆರ್ಗಾನ್ ಅನಿಲ. ಒಲೆಯ ಮೇಲಿನ ಪಾತ್ರೆಗೆ ಮುಚ್ಚಳ ಇಲ್ಲದಿದ್ದರೆ ಹಬೆ ನಿಲ್ಲುವುದಿಲ್ಲ, ಹಾಗೆಯೇ ಬಿಸಿ ಲಾವಾದಲ್ಲಿ ಆರ್ಗಾನ್ ನಿಲ್ಲುವುದಿಲ್ಲ. ತಣಿದ ಮೇಲೆ ಮುಚ್ಚಳ ಬೀಳುತ್ತದೆ, ಅಲ್ಲಿಂದ ಮುಂದಿನದು ಒಳಗೆ ಕೂಡುತ್ತಾ ಹೋಗುತ್ತದೆ. ಅಂದರೆ ಈ ಗಡಿಯಾರ ಹೇಳುವುದು ಮುಚ್ಚಳ ಬಿದ್ದ ಹೊತ್ತನ್ನು. ಆಮೇಲೆ ನೀರು ಸೇರಿ ಕಲ್ಲು ಸ್ವಲ್ಪ ಕೊಳೆತರೆ, ಅಥವಾ ಮತ್ತೆ ಕಾದರೆ, ಆರ್ಗಾನ್ ಸೋರಿ ವಯಸ್ಸು ಕಡಿಮೆ ಕಾಣಬಹುದು. ಜಿರ್ಕಾನ್‌ಗೆ ಇದರ ಉಲ್ಟಾ ಚಾಳಿ. ಲಾವಾ ಹೊರಗೆ ಬರುವ ಮೊದಲೇ, ನೆಲದಡಿಯ ಶಿಲಾರಸದಲ್ಲೇ ಹರಳುಗಟ್ಟಿರಬಹುದು. ಆಗ ವಯಸ್ಸು ಜಾಸ್ತಿ ಕಾಣುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಪ್ರವಾಸಿಗರ ಫಲಕಗಳಲ್ಲಿ ಒಂದೇ ಸಂಖ್ಯೆ ಬರೆಯುವುದಕ್ಕಿಂತ 'ಸುಮಾರು 8.5ರಿಂದ 9.1 ಕೋಟಿ ವರ್ಷ' ಅಂತ ಬರೆದರೆ ಹೆಚ್ಚು ಪ್ರಾಮಾಣಿಕ. ಯಾಕೆಂದರೆ ಮುಖ್ಯವಾದ ಪ್ರಶ್ನೆಗೆ ಎರಡೂ ಗಡಿಯಾರಗಳ ಉತ್ತರ ಒಂದೇ. ಈ ಲಾವಾ ಡೆಕ್ಕನ್‌ನದಲ್ಲ, ಅದಕ್ಕಿಂತ ಎರಡು ಕೋಟಿ ವರ್ಷದಷ್ಟು ಹಿಂದಿನದು. ಅದೇ ಕಾಲದ ಲಾವಾ ಮಡಗಾಸ್ಕರ್‌ನಲ್ಲಿದೆ. ಭಾರತ ಮತ್ತು ಮಡಗಾಸ್ಕರ್ ಬೇರೆಯಾದಾಗ ಬಿರುಕಿನಲ್ಲಿ ಉಕ್ಕಿದ್ದರ ಒಂದು ತುಣುಕು ಮಲ್ಪೆಯ ಎದುರಿಗೆ ಉಳಿದಿದೆ.

ಕೋಟಿಗಳಿಂದ ಸಾವಿರಗಳಿಗೆ ಇಳಿಯೋಣ. ಬಳ್ಳಾರಿ ಕಡೆಯವರು ಇಲ್ಲಿದ್ದರೆ ಅವರಿಗೆ ಕುಡತಿನಿಯ ಬೂದಿಗುಡ್ಡ ಗೊತ್ತಿರುತ್ತದೆ. ರಾಕ್ಷಸರನ್ನು ಸುಟ್ಟ ಬೂದಿ ಅಂತ ಜನರ ಮಾತು. ಅದು ದನದ ಸಗಣಿ ಸುಟ್ಟ ಬೂದಿ ಇರಬೇಕು ಅಂತ ಮೊದಲು ಅಂದಾಜಿಸಿದವರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಒಬ್ಬರು. 1950ರ ದಶಕದಲ್ಲಿ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನ ಇಂಥದೇ ಬೂದಿಗುಡ್ಡವನ್ನು ಅಗೆದು ನೋಡಿ, ಅದು ನವಶಿಲಾಯುಗದ ದನಗಾಹಿಗಳ ದೊಡ್ಡಿಯ ಜಾಗ ಅಂತ ತೋರಿಸಿದರು. ಇಂಥ ಜಾಗಗಳ ಕಾಲ ನಿರ್ಧಾರವಾದದ್ದು ಇಂಗಾಲ-14ರಿಂದ. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಿಂದ ಗಾಳಿಯ ಸಾರಜನಕ ಇಂಗಾಲ-14 ಆಗುತ್ತಲೇ ಇರುತ್ತದೆ. ಗಿಡ ಅದನ್ನು ಹೀರುತ್ತದೆ, ದನ ಗಿಡ ತಿನ್ನುತ್ತದೆ. ಸತ್ತ ಮೇಲೆ ಹೊಸದು ಸೇರುವುದಿಲ್ಲ, ಇದ್ದದ್ದು ಕಡಿಮೆಯಾಗುತ್ತದೆ. ಸುಮಾರು 50 ಸಾವಿರ ವರ್ಷ ಕಳೆದರೆ ಅಳೆಯುವಷ್ಟು ಉಳಿದಿರುವುದಿಲ್ಲ.

ಇಲ್ಲೂ ಅದೇ ಪ್ರಶ್ನೆ. ಒಲೆಯ ಇದ್ದಿಲು ಸಿಕ್ಕಿತು ಅಂತಿಟ್ಟುಕೊಳ್ಳಿ. ಅದರ ಇಂಗಾಲ-14 ಹೇಳುವುದು ಒಲೆ ಉರಿದ ಕಾಲವನ್ನಲ್ಲ, ಮರದ ಆ ಭಾಗ ಬೆಳೆದ ಕಾಲವನ್ನು. ಇನ್ನೂರು ವರ್ಷದ ಮರದ ತಿರುಳನ್ನು ಉರಿಸಿದ್ದರೆ ಅಷ್ಟು ವರ್ಷ ಹಿಂದಕ್ಕೆ ಹೋಗಿಬಿಡುತ್ತೇವೆ. ಅದಕ್ಕೇ ಬಳ್ಳಾರಿಯ ಸಂಗನಕಲ್ಲಿನಲ್ಲಿ ಕೆಲಸ ಮಾಡಿದ ತಂಡಗಳು ಸುಟ್ಟು ಕರಿಯಾದ ಕಾಳುಗಳನ್ನು ಹುಡುಕಿದವು. ಹುರುಳಿ, ಹೆಸರು, ಕೊರಲೆ. ಕಾಳು ಒಂದೇ ವರ್ಷದ ಬೆಳೆ. ಅದು ಸತ್ತ ಕಾಲವೂ ಯಾರೋ ಅಡುಗೆಗೆ ಇಟ್ಟ ಕಾಲವೂ ಹೆಚ್ಚುಕಮ್ಮಿ ಒಂದೇ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಅಲ್ಲಿನವರು ಹುರುಳಿ ತಿನ್ನುತ್ತಿದ್ದರು ಅಂತ ಹೇಳಲು ಆಗುವುದು ಇಂಥ ಕಾಳುಗಳಿಂದ. ಈಗಲೂ ತಿನ್ನುತ್ತಿದ್ದಾರೆ, ಅದು ಬೇರೆ ವಿಷಯ.

ಊಟದ ಮಾತು ಬಂದಮೇಲೆ ಸ್ಥಿರ ಐಸೊಟೋಪ್‌ಗಳಿಗೆ ಹೋಗುವುದು ಸುಲಭ. ಗಿಡಗಳು ಇಂಗಾಲ ಹೀರುವ ದಾರಿಗಳಲ್ಲಿ ಎರಡು ಮುಖ್ಯವಾದವು. ಭತ್ತ, ಗೋಧಿ, ಕಾಡಿನ ಮರಗಳದ್ದು ಒಂದು ದಾರಿ, ಅದಕ್ಕೆ ಸಿ-3 ಅನ್ನುತ್ತಾರೆ. ರಾಗಿ, ಜೋಳ, ಸಜ್ಜೆ, ಕಬ್ಬು ಮತ್ತು ಬಯಲಿನ ಬಹಳಷ್ಟು ಹುಲ್ಲುಗಳದ್ದು ಇನ್ನೊಂದು, ಸಿ-4. ಸಿ-3 ಗಿಡಗಳು ಭಾರದ ಇಂಗಾಲ-13ನ್ನು ಜಾಸ್ತಿ ಬಿಟ್ಟುಬಿಡುತ್ತವೆ. ಒಂದು ಗೊತ್ತಾದ ಮಾದರಿಗೆ ಹೋಲಿಸಿದರೆ ಇಂಗಾಲ-13ರ ಪಾಲು ಸಾವಿರಕ್ಕೆ ಎಷ್ಟು ಹೆಚ್ಚುಕಮ್ಮಿ ಅಂತ ಹೇಳುವ ಅಳತೆಗೋಲಿನಲ್ಲಿ ಸಿ-3 ಸುಮಾರು ಮೈನಸ್ 27, ಸಿ-4 ಸುಮಾರು ಮೈನಸ್ 12. ತಿಂದವರ ಮೈಯಲ್ಲೂ ಈ ಗುರುತು ಉಳಿಯುತ್ತದೆ. ಮುದ್ದೆ ಉಂಡ ಮೂಳೆಗೂ ಅನ್ನ ಉಂಡ ಮೂಳೆಗೂ ವ್ಯತ್ಯಾಸ ಇರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಆನೆಗಳ ಮೂಳೆಯಲ್ಲಿ ಇದನ್ನೇ ನೋಡಿದರು. ಆನೆ ಹುಲ್ಲು ಮೇಯುವುದು ಕಣ್ಣಿಗೆ ಎದ್ದು ಕಾಣುತ್ತದೆ, ಆದರೆ ಅದರ ಮೂಳೆಯ ಪ್ರೋಟೀನ್ ಕಟ್ಟಿದ್ದರಲ್ಲಿ ಸೊಪ್ಪು, ತೊಗಟೆಗಳ ಪಾಲು ದೊಡ್ಡದು.

ಅವರೇ 1993ರಲ್ಲಿ, ಅಹಮದಾಬಾದಿನ ಆರ್. ರಮೇಶ್ ಮತ್ತಿತರರ ಜೊತೆ, ನೀಲಗಿರಿಯ ಜೌಗು ಮಣ್ಣಿನ ಪದರಗಳನ್ನು ಅಳೆದು ಪ್ರಕಟಿಸಿದರು. ಎತ್ತರದ ಕಣಿವೆಗಳಲ್ಲಿ ಸತ್ತ ಗಿಡಗಳು ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತಿರುತ್ತವೆ. ಪದರದ ಕಾಲಕ್ಕೆ ಇಂಗಾಲ-14, ಆ ಕಾಲದ ಗಿಡ ಯಾವುದು ಅನ್ನುವುದಕ್ಕೆ ಇಂಗಾಲ-13. ಒಂದೇ ಮೂಲವಸ್ತುವಿನಿಂದ ಎರಡೂ ಕೆಲಸ! ಸುಮಾರು 20 ಸಾವಿರ ವರ್ಷಗಳ ಕಥೆ ಅದರಲ್ಲಿ ಬಂತು. ಹಿಮಯುಗ ಜೋರಾಗಿದ್ದಾಗ ಅಲ್ಲಿ ಒಣ ಹವೆಗೆ ಹೊಂದುವ ಸಿ-4 ಹುಲ್ಲು ಜಾಸ್ತಿ, ಅಂದರೆ ಮಳೆ ಕಡಿಮೆ. ಹಿಮಯುಗ ಮುಗಿದ ಮೇಲೆ ಮುಂಗಾರು ಬಲವಾಗಿ ಸಿ-3 ಗಿಡಗಳು ಹೆಚ್ಚಿದವು. ಆಮೇಲೆ ಮತ್ತೆ ಒಣ ಕಾಲ. ಇಲ್ಲಿ ಒಂದು ಎಚ್ಚರ ಹೇಳಬೇಕು. ಹಿಮಯುಗದಲ್ಲಿ ಗಾಳಿಯ ಕಾರ್ಬನ್ ಡೈಆಕ್ಸೈಡ್ ಕೂಡ ತುಂಬಾ ಕಡಿಮೆ ಇತ್ತು, ಮತ್ತು ಅದು ಕಡಿಮೆಯಾದರೆ ಸಿ-4 ಗಿಡಕ್ಕೆ ಲಾಭ. ಹಾಗಾಗಿ ಹುಲ್ಲು ಹೆಚ್ಚಿದ್ದಕ್ಕೆಲ್ಲ ಮಳೆಯೊಂದೇ ಕಾರಣ ಅನ್ನುವಂತಿಲ್ಲ.

ಮಳೆಯನ್ನು ಇನ್ನೂ ನೇರವಾಗಿ ಹಿಡಿಯಲು ಆಮ್ಲಜನಕ-18 ಇದೆ. ಮೋಡದಿಂದ ಆಮ್ಲಜನಕ-18 ಇರುವ ಭಾರದ ನೀರು ಮೊದಲು ಉದುರುತ್ತದೆ. ಮಳೆ ಸುರಿಯುತ್ತಾ ಹೋದ ಹಾಗೆ ಉಳಿದ ಆವಿ ಹಗುರವಾಗುತ್ತದೆ. ಆದ್ದರಿಂದ ನಮ್ಮಂಥ ಮುಂಗಾರಿನ ನಾಡಿನಲ್ಲಿ ಜೋರು ಮಳೆಯ ವರ್ಷದ ನೀರಿನಲ್ಲಿ ಆಮ್ಲಜನಕ-18 ಕಡಿಮೆ. ಆ ನೀರು ಗುಹೆಯಲ್ಲಿ ಹನಿ ಹನಿಯಾಗಿ ಬಿದ್ದು ಸುಣ್ಣದ ಶಿಲೆಯಾದರೆ ಲೆಕ್ಕ ಅಲ್ಲೇ ಉಳಿಯುತ್ತದೆ. ಉತ್ತರ ಕನ್ನಡದ ಆಕಳಗವಿಯ ಇಂಥದೊಂದು ಶಿಲೆಯಲ್ಲಿ 331 ವರ್ಷಗಳ ಪದರಗಳನ್ನು ಎಣಿಸಿ ಹಳೆಯ ಮುಂಗಾರಿನ ಏರಿಳಿತ ಬರೆದಿದ್ದಾರೆ. ಬ್ರಿಟಿಷರು ಮಳೆಮಾಪಕ ಇಡುವುದಕ್ಕೂ ಬಹಳ ಮೊದಲಿನ ಮಳೆ ಅದು. ಮೇಘಾಲಯದ ಮಾಮ್ಲುಹ್ ಗುಹೆಯ ಇಂಥದೇ ಶಿಲೆ ಜಗತ್ತಿನ ಭೂವಿಜ್ಞಾನದ ಕ್ಯಾಲೆಂಡರಿಗೇ ಹೋಯಿತು. 4,200 ವರ್ಷಗಳ ಹಿಂದಿನ ಬರಗಾಲದ ಗುರುತು ಅದರಲ್ಲಿದೆ. ಅಲ್ಲಿಂದ ಇಲ್ಲಿಯವರೆಗಿನ ಕಾಲಕ್ಕೆ 2018ರಲ್ಲಿ ಮೇಘಾಲಯನ್ ಅಂತ ಅಧಿಕೃತ ಹೆಸರು ಬಂತು. ಅಂಟಾರ್ಕ್ಟಿಕಾದ ಹಿಮ, ಕಡಲ ತಳದ ಚಿಪ್ಪುಗಳು ಇದೇ ಆಮ್ಲಜನಕದಿಂದ ಲಕ್ಷಾಂತರ ವರ್ಷಗಳ ಕಥೆ ಹೇಳುತ್ತವೆ. ಅದಕ್ಕೇ ಇನ್ನೊಂದು ಸಂಜೆ ಬೇಕು.

ಈಗ ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದರು: "ಸರ್, ಅರ್ಧಾಯು ಕೋಟ್ಯಂತರ ವರ್ಷ ಒಂದೇ ಇತ್ತು ಅಂತ ಹೇಗೆ ನಂಬೋದು? ಆಗ ಬೇರೆ ಇದ್ದಿರಬಹುದಲ್ಲ?"

ಕೇಳಲೇಬೇಕಾದ ಪ್ರಶ್ನೆ. ಒಂದು ಉತ್ತರ ಆಕಾಶದಲ್ಲಿದೆ. 1987ರಲ್ಲಿ ಪಕ್ಕದ ಗ್ಯಾಲಕ್ಸಿಯಲ್ಲಿ ಒಂದು ನಕ್ಷತ್ರ ಸಿಡಿದದ್ದು ಕಾಣಿಸಿತು. ಅದರ ಬೆಳಕು ಇಲ್ಲಿಗೆ ಬರಲು 1.6 ಲಕ್ಷ ವರ್ಷಕ್ಕಿಂತ ಹೆಚ್ಚು ಹಿಡಿದಿತ್ತು. ಸಿಡಿದ ಮೇಲೆ ಆ ಬೆಳಕು ಮಂಕಾಗುತ್ತಾ ಹೋದ ವೇಗ ಕೋಬಾಲ್ಟ್-56ರ 77 ದಿನಗಳ ಅರ್ಧಾಯುವಿಗೆ ಸರಿಹೊಂದಿತು. ನಮ್ಮ ಪ್ರಯೋಗಾಲಯದಲ್ಲಿ ಅಳೆದದ್ದೂ ಅದೇ. ಇನ್ನೊಂದು ಉತ್ತರ ಜಿರ್ಕಾನ್‌ನಲ್ಲೇ ಇದೆ. ಅರ್ಧಾಯು ಬದಲಾಗಿತ್ತು ಅನ್ನುವುದಾದರೆ, ಎರಡು ಯುರೇನಿಯಂ ಗಡಿಯಾರಗಳು ಇವತ್ತು ಒಪ್ಪುವ ಹಾಗೆ ಎರಡರ ವೇಗವೂ ಬೇಕಾದಷ್ಟೇ ಬದಲಾಗಿರಬೇಕು, ಅದೂ ಜಗತ್ತಿನ ಎಲ್ಲ ಕಲ್ಲುಗಳಲ್ಲೂ. ಅಂಥದ್ದು ನಡೆದ ಸುಳಿವಿಲ್ಲ.

ಹಿಂದೆ ಕೂತಿದ್ದ ರೈತರೊಬ್ಬರದು ಎರಡನೆಯ ಪ್ರಶ್ನೆ: "ನಮ್ಮೂರ ಕೆರೇಲಿ ವರ್ಷಕ್ಕೆ ಎಷ್ಟು ಹೂಳು ತುಂಬ್ತಿದೆ ಅಂತ ಇದರಿಂದ ಹೇಳೋಕಾಗುತ್ತಾ?"

ಆಗುತ್ತದೆ. ಅದಕ್ಕೆ ಬೇರೆ ಗಡಿಯಾರ ಬೇಕು, ಸೀಸ-210. ನೆಲದಿಂದ ಏಳುವ ರೇಡಾನ್ ಅನಿಲ ಗಾಳಿಯಲ್ಲಿ ಒಡೆದು ಇದು ಹುಟ್ಟುತ್ತದೆ, ಮಳೆಯಲ್ಲಿ ಇಳಿದು ಹೂಳಿಗೆ ಅಂಟಿಕೊಳ್ಳುತ್ತದೆ. ಅರ್ಧಾಯು ಸುಮಾರು 22 ವರ್ಷ. ಹಾಗಾಗಿ ಹಿಂದಿನ ನೂರು, ನೂರೈವತ್ತು ವರ್ಷಕ್ಕೆ ಹೊಂದುತ್ತದೆ. ಕೆರೆಯ ನಡುವೆ ಕೊಳವೆ ಇಳಿಸಿ ಹೂಳಿನ ಕಂಬ ತೆಗೆದು, ಪದರ ಪದರವಾಗಿ ಅಳೆಯಬೇಕು. ಜೊತೆಗೆ ಅಣುಬಾಂಬ್ ಪರೀಕ್ಷೆಗಳಿಂದ ಬಂದ ಸೀಸಿಯಂ-137 ಸಿಕ್ಕರೆ ಒಂದು ಪದರ 1963ರ ಆಸುಪಾಸಿನದು ಅಂತ ತಾಳೆ ನೋಡಬಹುದು. ಆದರೆ ಕೊಳವೆ ಇಳಿಸುವ ಮೊದಲು ನಿಮ್ಮೂರ ಹಿರಿಯರನ್ನು ಒಂದು ಮಾತು ಕೇಳಿ: ಕೆರೆಯ ಹೂಳನ್ನು ಕೊನೆಯ ಸಲ ತೆಗೆದದ್ದು ಯಾವಾಗ, ಯಾವ ಭಾಗದಲ್ಲಿ? ಜೆಸಿಬಿ ಇಳಿದ ಜಾಗದಲ್ಲಿ ಪದರಗಳು ಕಲಸಿಹೋಗಿರುತ್ತವೆ, ಅಲ್ಲಿ ಅಳೆದು ಉಪಯೋಗವಿಲ್ಲ. ಯಾರೂ ಮುಟ್ಟದ ಮೂಲೆ ಇದ್ದರೆ ಅಲ್ಲಿಂದ ಶುರು ಮಾಡಬಹುದು.